ಕವರ್ ಮೇಲೆ ‘ಹುಬ್ಬಳ್ಳಿ’ಯ ಒತ್ತು ಕೆಡದಿರಲಿ

ಮಾನ್ಯರೆ,

ರೈಲು ನಿಲ್ದಾಣದ ಹಳದಿ ಬೋರ್ಡು, ರಟ್ಟಿನ ಟಿಕೆಟ್ಟು, ಕೆಂಪು ಬಸ್ಸು ಹೀಗೆ ಹಳೆಯ ಪ್ರಯಾಣದ ಚಿತ್ರ ಬರೆಸಿ ಮೊಬೈಲ್ ಕವರ್ ಮಾಡಿಸಿಕೊಳ್ಳುವವರು ಹೆಚ್ಚಿದ್ದಾರೆ. ಸಂತೋಷವೇ. ಆದರೆ ಅದರ ಮೇಲಿನ ಕನ್ನಡ ಓದಿದರೆ ಬಾಯಿಗೆ ಕಲ್ಲು ಸಿಕ್ಕಂತಾಗುತ್ತದೆ: ‘ಹುಬ್ಬಳ್ಳಿ’ ಇರಬೇಕಾದಲ್ಲಿ ‘ಹುಬ್‌ಬಳ್‌ಳಿ’.

ಫೋಟೊಶಾಪ್, ಇಲ್ಲಸ್ಟ್ರೇಟರ್‌ಗಳಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಆಯ್ಕೆ ಹಾಕಿಕೊಳ್ಳದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಡುತ್ತದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟಿನಲ್ಲಿ ಟೈಪಿಸಿದ ಫೈಲಾದರೆ, ಅದೇ ಫಾಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದಾಗ ಎಲ್ಲವೂ ಚಿತ್ರಾನ್ನ. ಯೂನಿಕೋಡ್‌ನಲ್ಲಿ ಟೈಪಿಸಿ, ಒಮ್ಮೆ ಗಟ್ಟಿಯಾಗಿ ಓದಿ, ಅಕ್ಷರಗಳನ್ನು ಔಟ್‌ಲೈನ್ (ಫಾಂಟ್ ಬೇಡದ ಆಕಾರ) ಮಾಡಿದ ಮೇಲೆಯೇ ಫೈಲ್ ಕೊಡಿ. ಬೋರ್ಡು ಹಳೆಯ ಕಾಲದ್ದಾದರೆ ಇಂಗ್ಲಿಷ್ ಸಾಲಿನಲ್ಲಿ ‘Hubli’ ಎಂಬ ಕಾಗುಣಿತವೇ ಇರಲಿ. ಸರ್ಕಾರ ಅದನ್ನು ‘Hubballi’ ಎಂದು ಬದಲಿಸಿದ್ದು 2014ರ ನವೆಂಬರಿನಲ್ಲಿ. ತಾಳಗುಪ್ಪದ ಮೀಟರ್ ಗೇಜ್ ಉಗಿಬಂಡಿಯ ತಲೆಯ ಮೇಲೆ ಕರೆಂಟು ತಂತಿ ಎಳೆಯುವ ಕಲಾವಿದರೂ ಇದ್ದಾರೆ, ಏನು ಮಾಡುವುದು!

ಅಳತೆಯ ವಿಷಯ. 75 × 160 ಮಿ.ಮೀ. ಹಿಂಬದಿಯ ಫೋನಿಗೆ ನಾಲ್ಕೂ ಕಡೆ 3 ಮಿ.ಮೀ. ಹೆಚ್ಚುವರಿ ಅಂಚು ಸೇರಿಸಿದರೆ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಚಿತ್ರ ಸುಮಾರು 957 × 1961 ಪಿಕ್ಸೆಲ್ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಹಿಂಡಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಎಡ್ಮಂಡ್ಸನ್ ಎಂಬ ಹಳೆಯ ರೈಲಿನ ರಟ್ಟಿನ ಟಿಕೆಟ್ಟಿನ ಅಳತೆ 57 × 30.5 ಮಿ.ಮೀ., ಅಂದರೆ ಕವರ್ ಮೇಲೆ ನಿಜ ಗಾತ್ರದಲ್ಲೇ ಕೂರುತ್ತದೆ. ದೊಡ್ಡದು ಮಾಡಿದರೆ ಅದರ ಸೊಗಸೇ ಹೋಯಿತು. ಕ್ಯಾಮೆರಾ ಬರುವ ಮೇಲ್ಭಾಗಕ್ಕೆ ಬರೀ ಆಕಾಶ ಬಿಡಿ, ಊರಿನ ಹೆಸರನ್ನು ಅಲ್ಲಿಗೆ ಒಯ್ಯಬೇಡಿ.

ಪಾರದರ್ಶಕ ಕವರ್‌ಗೆ ಯುವಿ ಪ್ರಿಂಟ್ (ಅತಿನೇರಳೆ ಬೆಳಕಿನಲ್ಲಿ ಶಾಯಿ ಗಟ್ಟಿಯಾಗಿಸುವ ಮುದ್ರಣ) ಹಾಕಿಸುವವರು ಬಣ್ಣದಡಿ ಬಿಳಿ ಶಾಯಿಯ ಪದರ ಕೇಳಿ ಪಡೆಯಬೇಕು. ಅದಿಲ್ಲದಿದ್ದರೆ ನೀಲಿ ಫೋನಿನ ಮೇಲೆ ನಿಲ್ದಾಣದ ಹಳದಿ ಹಸಿರಾಗಿ ಕಾಣುತ್ತದೆ, ಕಪ್ಪು ಫೋನಿನ ಮೇಲೆ ಕಾಣುವುದೇ ಇಲ್ಲ. ಬಿಳಿ ಪದರ ಬಣ್ಣಕ್ಕಿಂತ ಕೂದಲೆಳೆಯಷ್ಟು, ಸುಮಾರು 0.2 ಮಿ.ಮೀ., ಒಳಗಿರಲಿ, ಇಲ್ಲವಾದರೆ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಮೆತ್ತನೆಯ ಟಿಪಿಯು (ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್) ಕವರ್‌ಗೆ ಗಡುಸು ಶಾಯಿ ಹಾಕಿದರೆ, ಫೋನಿಗೆ ತೊಡಿಸುವಾಗಲೇ ಅಂಚು ಬಿರಿಯುತ್ತದೆ. ಸಬ್ಲಿಮೇಶನ್ (ಕಾಗದದ ಮೇಲಿನ ಚಿತ್ರವನ್ನು ಬಿಸಿಯಿಂದ ಕವರ್ ಮೇಲೆ ಇಳಿಸುವ ಮುದ್ರಣ) ಬೇಕೆಂದರೆ ಅದಕ್ಕೆಂದೇ ಲೇಪನವಿರುವ ಗಟ್ಟಿ ಕವರ್ ಆಗಬೇಕು, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಬೇಕು. ಟಿಕೆಟ್ಟಿನ ಸಣ್ಣ ಅಂಕಿಗಳು 6 ಪಾಯಿಂಟ್‌ಗಿಂತ ಕಿರಿದಾದರೆ ಕಲಸಿಹೋಗುತ್ತವೆ.

ದುಡ್ಡು ಕೊಡುವ ಮುನ್ನ ಚಿತ್ರವನ್ನು ಎ4 ಹಾಳೆಯ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಕ್ಯಾಮೆರಾದ ಜಾಗ ಕತ್ತರಿಸಿ, ಫೋನಿನ ಬೆನ್ನಿಗೆ ಹಿಡಿದು ನೋಡಿ. ಪ್ರಿಂಟರ್‌ನಲ್ಲಿ ‘ಪುಟಕ್ಕೆ ಹೊಂದಿಸು’ ಎಂಬುದನ್ನು ತೆಗೆದಿರಿ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ.

– ವಿನ್ಯಾಸ, ಮುದ್ರಣ ಕೆಲಸದ ಕೆಲವು ಗೆಳೆಯರು, ಹುಬ್ಬಳ್ಳಿ