ಒಂಟಿ ಮನೆಯಿಂದ ಒಂದು ಕೂ

ಪ್ರೀತಿಯ ಮಾರಾಯ,

ಪತ್ರ ಬರೀತೀನಿ ಅಂತ ಹೇಳಿ ಎರಡು ಮಳೆಗಾಲ ಕಳೆಯಿತು. ಈಗಲೂ ಎಲ್ಲರೆದುರಿಗೇ ಹಾಕುತ್ತಿದ್ದೇನೆ, ಬೈಯಬೇಡ. ನಿನಗೊಬ್ಬನಿಗೇ ಬರೆದರೆ ನೀನು ಉತ್ತರ ಕೊಡುವವನಲ್ಲ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ಮರ್ಯಾದೆಗಾದರೂ ಕೊಡುತ್ತೀಯ.

ಮನೆ ಹೇಗಿದೆ ಅಂತ ಕೇಳಿದ್ದೆಯಲ್ಲ. ಸಿಡ್ನಿಯ ಉತ್ತರಕ್ಕೆ ವಾರೂಂಗಾ ಅಂತ ಜಾಗ. ಇಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಹಾಗೆಂದರೆ ‘ನಮ್ಮ ಮನೆ’ ಅಂತೆ. ಸಾಲ ಕೊಟ್ಟ ಬ್ಯಾಂಕಿನವರೂ ಹಾಗೇ ಅಂದುಕೊಂಡಿದ್ದಾರೆ. ಕೆಂಪು ಇಟ್ಟಿಗೆ, ಹಂಚಿನ ಮಾಡು, ಸುತ್ತ 1000 ಚದರ ಮೀಟರ್ ಜಾಗ. ಹತ್ತು ಗುಂಟೆಗೆ ಚೂರು ಕಮ್ಮಿ. ಬೆಂಗಳೂರಿನ ಲೆಕ್ಕದಲ್ಲಿ ಒಂಬತ್ತು ಥರ್ಟಿ ಫಾರ್ಟಿ ಸೈಟು. ಹಿತ್ತಲಲ್ಲಿ ದೊಡ್ಡದೊಂದು ನೀಲಗಿರಿ ಮರ. ನಗಬೇಡ. ಭಾಷಣ ಸ್ಪರ್ಧೆಯಲ್ಲಿ ನಾನು ಲೋಟ ಗೆದ್ದದ್ದೇ ಅದನ್ನು ಬೈದು, ಅಲ್ವಾ? ಇಲ್ಲಿ ಊರಿನವನು ಆ ಮರವೇ, ಹೊರಗಿನಿಂದ ಬಂದವನು ನಾನು. ಕಡಿಯಬೇಕಾದರೆ ಕೌನ್ಸಿಲ್ಲಿನ ಒಪ್ಪಿಗೆ ಬೇಕು.

ಆ ಮರ ವರ್ಷವಿಡೀ ಎಲೆ ಉದುರಿಸುತ್ತದೆ. ಅಕ್ಟೋಬರ್ ಬಂತೆಂದರೆ ಕಾಡ್ಗಿಚ್ಚಿನ ಕಾಲ. ಮಾಡಿನಂಚಿನ ಗಟರಿನಲ್ಲಿ ಒಣಗಿದ ಎಲೆ ಇದ್ದರೆ ಗಾಳಿಯಲ್ಲಿ ಹಾರಿಬಂದ ಒಂದು ಕಿಡಿ ಸಾಕು. ಅದಕ್ಕೇ ಹೋದ ಶನಿವಾರ ಏಣಿ ಹತ್ತಿದೆ. ಇವಳೂ ಮಗಳೂ ಊರಿಗೆ ಹೋಗಿದ್ದಾರೆ. ಏಣಿಯ ಒಂದು ಕಾಲು ಮೆತ್ತನೆ ಮಣ್ಣಿನಲ್ಲಿ ಹೂತಿತು. ಅಷ್ಟೇ.

ಮೂಳೆ ಮುರಿದಿಲ್ಲ. ಆದರೆ ಏಳಲು ಆಗಲಿಲ್ಲ. ಫೋನು ಅಡುಗೆಮನೆ ಕಟ್ಟೆಯ ಮೇಲೆ. ಆರಡಿ ಎತ್ತರದ ಹಲಗೆ ಬೇಲಿಯ ಆಚೆ ಪಕ್ಕದ ಮನೆಯವರು ಗಿಡಕ್ಕೆ ನೀರು ಬಿಡುತ್ತಿದ್ದರು. ನೀರು ಎಲೆಗಳ ಮೇಲೆ ಬೀಳುವುದು ನನಗೆ ಕೇಳುತ್ತಿತ್ತು. ಕೂಗಬೇಕು. ಏನಂತ? ಆರು ವರ್ಷದಿಂದ ಕೈ ಬೀಸುತ್ತೇವೆ. ಈ ವಾರ ಹೊರಗಿಡಬೇಕಾದ್ದು ಹಳದಿ ಮುಚ್ಚಳದ ಕಸದ ಡಬ್ಬಿಯೋ ಹಸಿರು ಮುಚ್ಚಳದ್ದೋ ಅಂತ ಮಾತಾಡುತ್ತೇವೆ. ಹೆಸರು ಗೊತ್ತಿಲ್ಲ. ಮೊದಲ ದಿನವೇ ಹೇಳಿದ್ದರು, ಮರೆತೆ. ಈಗ ಕೇಳಲು ನಾಚಿಕೆ.

ಇಲ್ಲಿ ‘ಕೂಯೀ’ ಅಂತ ಒಂದು ಕೂಗಿದೆ. ಸಿಡ್ನಿಯ ದರುಗ್ ಜನರ ಭಾಷೆಯಿಂದ ಬಂದದ್ದು. ಕಾಡಿನಲ್ಲಿ ಒಬ್ಬರನ್ನೊಬ್ಬರು ಕರೆಯಲು. ಯಾವುದಾದರೂ ಜಾಗ ಹತ್ತಿರ ಅನ್ನಬೇಕಾದರೆ ‘ಕೂಯೀ ಒಳಗೇ ಇದೆ’ ಅನ್ನುತ್ತಾರೆ. ನಮ್ಮ ಕೂಗಳತೆಯೇ ಮಾರಾಯ! ನಮ್ಮಜ್ಜಿ ತೋಟದ ತಲೆಯಲ್ಲಿ ನಿಂತು ಕೂ ಅಂದರೆ ನಿಮ್ಮ ಮನೆಯಿಂದ ಕೂ ಬರುತ್ತಿತ್ತು. ನಡುವೆ ಅರ್ಧ ಮೈಲಿ ಗದ್ದೆ, ಹಳ್ಳ, ಅದನ್ನು ದಾಟುವ ಆ ಸಂಕ. ಒಂಟಿ ಮನೆ ಬೇಜಾರು ಅಂತಲೇ ಅಲ್ವಾ ನಾನು ಅಲ್ಲಿಂದ ಓಡಿದ್ದು? ಈಗ 30 ವರ್ಷದ ಸಾಲ ಮಾಡಿ ತಗೊಂಡದ್ದೂ ಒಂಟಿ ಮನೆಯೇ.

ನಾನು ಕೂಗಲಿಲ್ಲ ಕಣೋ. ಹುಲ್ಲಿನ ಮೇಲೆ ಅರ್ಧ ಗಂಟೆ ಸುಮ್ನೆ ಬಿದ್ದುಕೊಂಡಿದ್ದೆ. ನೀರು ನಿಂತಿತು. ಅವರ ಹಿಂಬಾಗಿಲು ಮುಚ್ಚಿದ ಸದ್ದಾಯಿತು. ಆಗ ನನಗೆ ಸಮಾಧಾನವಾಯಿತು ನೋಡು, ಸದ್ಯ, ಇನ್ನು ಕೂಗಬೇಕಾಗಿಲ್ಲ ಅಂತ. ಬಿದ್ದದ್ದಕ್ಕಿಂತ ಆ ಸಮಾಧಾನ ನೆನಪಾದರೆ ಜಾಸ್ತಿ ಹೆದರಿಕೆಯಾಗುತ್ತದೆ. ಇವಳಿಗೆ ಹೇಳಿಲ್ಲ. ನಿನಗೂ ಹೇಳಬಾರದು ಅಂತಲೇ ಪತ್ರ ಶುರು ಮಾಡಿದ್ದೆ.

ಸರಿ ಬಿಡು. ಆಮೇಲೆ ತೆವಳಿಕೊಂಡು ಒಳಗೆ ಹೋಗಿ ಫ್ರೀಜರಿನ ಬಟಾಣಿ ಪ್ಯಾಕೆಟ್ಟನ್ನು ಪಾದಕ್ಕೆ ಒತ್ತಿಕೊಂಡೆ. ರಾತ್ರಿ ಅದೇ ಬಟಾಣಿ ಹಾಕಿ ಸಾಗು ಮಾಡಿದೆ, ಚೆನ್ನಾಗಿತ್ತು. ಗಟರಿನ ಎಲೆ ಅರ್ಧ ಹಾಗೇ ಇದೆ. ಬೆಂಕಿ ಬಿದ್ದರೆ ಮನೆಯ ಎಡಗಡೆ ಅರ್ಧ ಉಳಿಯುತ್ತದೆ. ಸೋಮವಾರ ಪೋಸ್ಟ್ ಡಬ್ಬಿಯಲ್ಲಿ ರಿಯಲ್ ಎಸ್ಟೇಟಿನವರ ಚೀಟಿ: ನಿಮ್ಮ ಮನೆಗೆ ಗಿರಾಕಿ ಇದ್ದಾರೆ. ಈ ಬೀದಿಯಲ್ಲಿ ನಾನು ಬಿದ್ದದ್ದು ಗೊತ್ತಾದದ್ದು ಅವರೊಬ್ಬರಿಗೇ ಅಂತ ಕಾಣುತ್ತದೆ.

ಡಿಸೆಂಬರಿನಲ್ಲಿ ಬರುತ್ತೇನೆ. ಸಂಕದ ಹತ್ತಿರ ನಿಂತು ಕೂ ಅನ್ನುತ್ತೇನೆ.

ನಿನ್ನ,
ಅರ್ಧ ಲೋಟ