ಹೆಲ್ಪರ್ ಆಗಿಯೇ ಉಳಿದವರ ಗಮನಕ್ಕೆ

ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಕೆಲಸಕ್ಕೆ ಹೋಗುವ ಸದಸ್ಯರೇ, ಬಡ್ತಿ ಕೇಳುವ ಮೊದಲು ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಅಲ್ಲಿ ಕಂಪನಿಯ ಬದಲು ಗುತ್ತಿಗೆದಾರರ ಹೆಸರಿದ್ದರೆ ನೀವು ಕಂಪನಿಯ ನೌಕರರ ಪಟ್ಟಿಯಲ್ಲೇ ಇಲ್ಲ. ಎಷ್ಟು ಚೆನ್ನಾಗಿ ದುಡಿದರೂ ಬಡ್ತಿ ಕೊಡುವುದು ಸೂಪರ್‌ವೈಸರ್ ಕೈಯಲ್ಲಿರುವುದಿಲ್ಲ. ಗುತ್ತಿಗೆದಾರರು ಬದಲಾದಾಗ ಮೆಂಬರ್ ಐಡಿ (ಆ ಗುತ್ತಿಗೆದಾರರ ಬಳಿಯ ಪಿಎಫ್ ಖಾತೆ ಸಂಖ್ಯೆ) ಹೊಸದು ಬರುತ್ತದೆ, ಯುಎಎನ್ (ಎಲ್ಲಿ ಕೆಲಸ ಮಾಡಿದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಮಾತ್ರ ಹಳೆಯದೇ ಕೊಡಿ. ಎರಡನೆಯ ಯುಎಎನ್ ಮಾಡಿಸಿಕೊಂಡರೆ ಹಿಂದಿನ ಸೇವೆ ಬೇರೆಯಾಗಿ ಉಳಿದು, ಪಿಂಚಣಿಗೆ ಬೇಕಾದ 10 ವರ್ಷ ಕೂಡಿಸಲು ಒದ್ದಾಡಬೇಕಾಗುತ್ತದೆ.

ಅನುಭವ ಪತ್ರದಲ್ಲಿ ಬರೀ 'ಹೆಲ್ಪರ್' ಅಂತ ಬರೆಸಿಕೊಳ್ಳಲೇಬೇಡಿ. ಸಿಎನ್‌ಸಿ ಲೇತ್ ನಡೆಸಿದ್ದೋ, ಫೌಂಡ್ರಿಯಲ್ಲಿ ಮೋಲ್ಡಿಂಗ್ ಮಾಡಿದ್ದೋ, ಎಷ್ಟು ತಿಂಗಳು ಎಂಬುದೂ ಅದರಲ್ಲಿರಲಿ. ಮುಂದಿನ ಕಡೆ ಆಪರೇಟರ್ ಸಂಬಳ ಕೇಳಲು ನಿಮ್ಮ ಕೈಲಿರುವ ದಾಖಲೆ ಅದೊಂದೇ.

ಎರಡು ವರ್ಷದ ಐಟಿಐ ಪಾಸಾದವರಿಗೆ ಡಿಪ್ಲೊಮಾದ 2ನೇ ವರ್ಷಕ್ಕೆ ನೇರ ಪ್ರವೇಶವಿದೆ. ಅಂಕಪಟ್ಟಿ ತೆಗೆದಿಟ್ಟುಕೊಳ್ಳಿ.