ಒರಳಿಗೆ ಹಾಕುವ ಮುಂಚೆ ಇದನ್ನು ಓದು ಮಗಾ

ಮಗಾ,

ನಿನ್ನ ಮೆಸೇಜ್ ನಿನ್ನೆ ರಾತ್ರಿಯೇ ಓದಿದೆ. ಫೋನಲ್ಲಿ ಹೇಳಿದರೆ ನೀನು "ಹ್ಞೂಂ ದೊಡ್ಡಮ್ಮ, ಹ್ಞೂಂ" ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸಿಗರೇಟು ಬಿಟ್ಟು ಮೂರು ತಿಂಗಳಾಯಿತು ಅಂದೆಯಲ್ಲ, ಓದಿ ನಿಜವಾಗಲೂ ಖುಷಿಯಾಯಿತು. ನಿಮ್ಮಮ್ಮನಿಗೂ ಫೋನ್ ಮಾಡಿ ಹೇಳಿದೆ. ಆದರೆ ಅದರ ಕೆಳಗಿನ ಸಾಲು ಓದಿ ಎದೆ ಧಸಕ್ಕೆಂದಿತು. ಸಿಗರೇಟಿನ ಜಾಗಕ್ಕೆ ನಶ್ಯ ಬಂದಿದೆ, ಅಂಗಡಿಯದರಲ್ಲಿ ಏನೇನೋ ಸೆಂಟು ಬೆರೆಸಿರುತ್ತಾರೆ, ಅದಕ್ಕೆ ಸಂತೆಯಿಂದ ಅರ್ಧ ಕೆಜಿ ಹೊಗೆಸೊಪ್ಪು ತಂದಿಟ್ಟಿದ್ದೇನೆ, ಅಜ್ಜ ಮನೆಯಲ್ಲೇ ಮಾಡುತ್ತಿದ್ದರಲ್ಲ, ಹದ ಹೇಳಿ ಅಂತ ಬರೆದಿದ್ದೀಯ.

ಆ ಹದ ಗೊತ್ತಿರುವುದು ಈಗ ನನಗೊಬ್ಬಳಿಗೇ. ಅಜ್ಜ ಮಾಡುತ್ತಿದ್ದರು ಅಂತ ನೀವೆಲ್ಲ ಅನ್ನುತ್ತೀರಿ, ಕುಟ್ಟುತ್ತಿದ್ದವಳು ನಾನು. 1968ರಲ್ಲಿ ನನಗೆ ಹತ್ತು ವರ್ಷ. ಹಳೇ ದಾವಣಗೆರೆಯ ಮನೆ, ಹಿತ್ತಲಲ್ಲಿ ಒಂದು ಸಣ್ಣ ಒರಳು, ಅದು ನಶ್ಯಕ್ಕೇ ಮೀಸಲು. ಅಡುಗೆಮನೆ ಹತ್ತಿರಕ್ಕೂ ಅದನ್ನು ತರಲು ಅವ್ವ ಬಿಡುತ್ತಿರಲಿಲ್ಲ. ಅಪ್ಪನಿಗೆ ಮಿಲ್ಲಿನ ರಜೆ ಇದ್ದ ದಿನ ಈ ಕೆಲಸ. ಎಲೆಯನ್ನು ಬಿಸಿಲಿಗೆ ಹರವಿ, ಮುಟ್ಟಿದರೆ ಮುರಿಯುವ ಹಾಗಾದ ಮೇಲೆ ನಡುವಿನ ದಂಟು, ನರ ಎಲ್ಲ ಬಿಡಿಸಿ ತೆಗೆಯಬೇಕು. ದಂಟು ಕಡ್ಡಿಪುಡಿಯಾಗಿ ಅವ್ವನ ಎಲೆಅಡಿಕೆಗೆ ಹೋಗುತ್ತಿತ್ತು. ಉಳಿದ ಎಸಳನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿಯಬೇಕು. ಒಂದು ಚೂರು ಜಾಸ್ತಿಯಾದರೆ ಸೀದ ವಾಸನೆ, ಕಮ್ಮಿಯಾದರೆ ಕುಟ್ಟುವಾಗ ನಾರು ನಾರು. ಆಮೇಲೆ ಒರಳಿಗೆ ಹಾಕಿ, ಒಂದಿಷ್ಟು ಸುಣ್ಣ, ಒಂದಿಷ್ಟು ತುಪ್ಪ ಸೇರಿಸಿ, ಕುಟ್ಟಿ, ಅರೆದು, ಮತ್ತೆ ಕುಟ್ಟಿ, ಪಾತ್ರೆಯ ಬಾಯಿಗೆ ಹಳೇ ಮಲ್ ಪಂಚೆಯ ಬಟ್ಟೆ ಕಟ್ಟಿ ಅದರ ಮೇಲೆ ಉಜ್ಜಿ ಸೋಸಬೇಕು. ಬಟ್ಟೆ ಮೇಲೆ ಉಳಿದದ್ದು ವಾಪಸ್ ಒರಳಿಗೆ. ಅಪ್ಪ ಒಂದು ಚಿಟಿಕೆ ತೆಗೆದು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಿದ್ದರು. ಒಂದು ಕಣ ತಗುಲಿದರೂ "ಇನ್ನೊಂದು ಸಲ ಆಗಲಿ ತಾಯಿ" ಅನ್ನುತ್ತಿದ್ದರು.

ಕೈಯೆಲ್ಲ ಕಂದು, ಕಣ್ಣಲ್ಲಿ ನೀರು, ಸೀನು ನಿಲ್ಲುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಬೆವತ ಕೈಯಲ್ಲೇ ರಾಶಿ ಎಲೆ ಬಿಡಿಸಿದೆ. ಸಂಜೆಗೆ ತಲೆ ಸುತ್ತಿ, ವಾಂತಿಯಾಗಿ, ಬೆಳ್ಳಗೆ ಬಿಳಿಚಿಕೊಂಡು ಮಲಗಿದೆ. ಅವ್ವ ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಒದ್ದೆ ಚರ್ಮದಿಂದಲೂ ನಿಕೋಟಿನ್ ಮೈಗೆ ಇಳಿಯುತ್ತದೆ, ಹೊಲದಲ್ಲಿ ಹಸಿ ಹೊಗೆಸೊಪ್ಪು ಕೀಳುವವರಿಗೂ ಹೀಗೇ ವಾಂತಿ, ತಲೆಸುತ್ತು ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಅಳತೆ ಒಂದನ್ನೂ ಬರೆದಿಲ್ಲ, ನೋಡಿದೆಯಾ? ಮರೆತಿಲ್ಲ ಮಗಾ. ನಿನಗೆ ಹೇಳುವುದಿಲ್ಲ, ಅಷ್ಟೆ.

ಅಪ್ಪ ನಶ್ಯಕ್ಕೆ ಯಾಕೆ ಬಿದ್ದರು ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಕಾಟನ್ ಮಿಲ್ಲಿನ ಒಳಗೆ ಬೀಡಿ ಹಚ್ಚುವ ಹಾಗಿರಲಿಲ್ಲ. ಎಲ್ಲೆಲ್ಲೂ ಹತ್ತಿ, ಗಾಳಿಯಲ್ಲೂ ಹತ್ತಿಯ ಎಳೆ, ಒಂದು ಕಿಡಿ ಸಾಕು. ಎಂಟು ಗಂಟೆಯ ಪಾಳಿ, ಯಂತ್ರದ ಸದ್ದು, ರಾತ್ರಿಪಾಳಿಯಲ್ಲಿ ಎಳೆಯುವ ನಿದ್ದೆ. ಸೊಂಟದಲ್ಲಿ ಒಂದು ಹಿತ್ತಾಳೆ ಡಬ್ಬಿ ಇದ್ದರೆ ಯಾರೂ ಕೇಳುತ್ತಿರಲಿಲ್ಲ. ಸೀನಿದರೆ ಮೂಗಿನೊಳಗಿನ ಹತ್ತಿ ಧೂಳು ಹೊರಗೆ ಬರುತ್ತದೆ ಅಂತ ಅಪ್ಪ ಬಲವಾಗಿ ನಂಬಿದ್ದರು. ಮೂಗಿಂದು ಬರುತ್ತಿತ್ತೋ ಏನೋ, ಎದೆಗೆ ಇಳಿದದ್ದು ಎಲ್ಲಿ ಬರುತ್ತದೆ? ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಅಪ್ಪನಿಗೆ ಎದೆ ಬಿಗಿಯುತ್ತಿತ್ತು. ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯ ಲಕ್ಷಣವೇ ಅದು. ಅಪ್ಪನನ್ನು ನಾನು ದೂರುವುದಿಲ್ಲ. ಅವರಿಗೆ ಇದ್ದ ಕಾರಣ ನಿನಗಿಲ್ಲ. ನೀನು ಎ.ಸಿ. ಇರುವ ಆಫೀಸಲ್ಲಿ ಕೂರುತ್ತೀಯ.

ಮನೆಯಲ್ಲಿ ಮಾಡಿದ್ದು ಶುದ್ಧ ಅನ್ನುತ್ತೀಯ. ಚಟ್ನಿಪುಡಿಗೆ, ಉಪ್ಪಿನಕಾಯಿಗೆ ಆ ಮಾತು ಒಪ್ಪುತ್ತೇನೆ. ನಶ್ಯದಲ್ಲಿ ಕೆಟ್ಟದ್ದು ಇರುವುದು ಎಲೆಯೊಳಗೇ. ಸುಣ್ಣ ಯಾಕೆ ಹಾಕುತ್ತಾರೆ ಗೊತ್ತಾ? ಎಲೆಯಲ್ಲಿ ನಿಕೋಟಿನ್ ಒಂಥರಾ ಕಟ್ಟಿಹಾಕಿದ ಹಾಗೆ ಇರುತ್ತದೆ. ಸುಣ್ಣದ ಖಾರಕ್ಕೆ ಆ ಕಟ್ಟು ಬಿಚ್ಚಿಕೊಂಡು, ಮೂಗಿನ ತೆಳು ಪೊರೆಯಿಂದ ಬೇಗ ರಕ್ತಕ್ಕೆ ಸೇರುತ್ತದೆ. ಅದೇ ಸುಣ್ಣ ಆ ಪೊರೆಯನ್ನು ಸುಡುತ್ತಲೂ ಇರುತ್ತದೆ. ಇನ್ನು ಒಂದೇ ಗಿಡದಲ್ಲಿ ಮೇಲಿನ ಎಲೆಗೆ ನಿಕೋಟಿನ್ ಜಾಸ್ತಿ, ಕೆಳಗಿನದಕ್ಕೆ ಕಮ್ಮಿ. ಸಂತೆಯವನು ಯಾವ ಎಲೆ ಕಟ್ಟಿಕೊಟ್ಟ ಅಂತ ನಿನಗೇನು ಗೊತ್ತು? ಈ ತಿಂಗಳು ಮಾಡಿದ್ದರ ಒಂದು ಚಿಟಿಕೆ ಮುಂದಿನ ತಿಂಗಳ ಎರಡು ಚಿಟಿಕೆಗೆ ಸಮ ಆಗಬಹುದು. ಅಪ್ಪನೂ ಹೊಸ ಪುಡಿ ಮಾಡಿದ ದಿನ ಗೋಡೆ ಹಿಡಿದು ನಿಂತಿದ್ದನ್ನು ನಾನು ನೋಡಿದ್ದೇನೆ.

ಇನ್ನೊಂದು, ನೈಟ್ರೋಸಮೈನ್ ಅಂತ. ಕ್ಯಾನ್ಸರ್ ತರುವ ವಸ್ತು. ಇದನ್ನು ಯಾರೂ ಬೆರೆಸಬೇಕಾಗಿಲ್ಲ. ಎಲೆ ಒಣಗಿ ಹದವಾಗುವಾಗಲೇ ಹುಟ್ಟುತ್ತದೆ, ತೇವದಲ್ಲಿ ಇಟ್ಟರೆ ಇನ್ನೂ ಹೆಚ್ಚುತ್ತದೆ. ಜರಡಿಯಲ್ಲಿ ಸೋಸಿದರೆ ಹೋಗುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಹೊಗೆ ಇಲ್ಲದ ತಂಬಾಕನ್ನೂ ಕ್ಯಾನ್ಸರ್ ತರುವ ವಸ್ತುಗಳ ಒಂದನೇ ಗುಂಪಿನಲ್ಲೇ ಇಟ್ಟಿದ್ದಾರೆ, ನೀನು ಬಿಟ್ಟ ಸಿಗರೇಟೂ ಅದೇ ಗುಂಪಿನಲ್ಲಿದೆ. ಹೊಗೆ ಇಲ್ಲದ್ದರಿಂದ ಶ್ವಾಸಕೋಶಕ್ಕೆ ಪೆಟ್ಟು ಕಮ್ಮಿ, ಅದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿನ್ನನ್ನು ಹಿಡಿದುಕೊಂಡಿರುವುದು ನಿಕೋಟಿನ್. ಅದು ಬಾಗಿಲು ಬದಲಾಯಿಸಿದೆ, ಮನೆ ಬಿಟ್ಟು ಹೋಗಿಲ್ಲ.

ಆಯುರ್ವೇದದಲ್ಲೇ ನಸ್ಯ ಇದೆಯಲ್ಲ ದೊಡ್ಡಮ್ಮ ಅಂತ ಬೇರೆ ಬರೆದಿದ್ದೀಯ. ಇದನ್ನು ನನಗೆ ಎಷ್ಟು ಜನ ಹೇಳಿದ್ದಾರೋ. ಆ ನಸ್ಯ ಬೇರೆ, ಅದು ಮೂಗಿಗೆ ಎಣ್ಣೆ, ತುಪ್ಪ, ಮೂಲಿಕೆಯ ರಸ ಬಿಡುವ ಚಿಕಿತ್ಸೆ. ಅಣುತೈಲ ಹಾಕುತ್ತಾರಲ್ಲ, ಅದು. ಚರಕ, ಸುಶ್ರುತರ ಕಾಲದಲ್ಲಿ ಈ ದೇಶದಲ್ಲಿ ಹೊಗೆಸೊಪ್ಪೇ ಇರಲಿಲ್ಲ. ಅದು ಅಮೆರಿಕದ ಗಿಡ, ಪೋರ್ಚುಗೀಸರ ಹಡಗಲ್ಲಿ ಬಂದದ್ದು. ಅಕ್ಬರನ ಕಡೆಯ ಅಸದ್ ಬೇಗ್ ಅನ್ನುವವನು ಅದನ್ನು ಮೊದಲು ಕಂಡು ಬಾದಶಹನಿಗೆ ಒಯ್ದದ್ದು ನಮ್ಮ ಬಿಜಾಪುರದಿಂದಲೇ, 1604ರ ಸುಮಾರಿಗೆ. ನಾನೂರು ವರ್ಷದ ಹಿಂದೆ ಬಂದ ಎಲೆಗೆ ಎರಡು ಸಾವಿರ ವರ್ಷದ ಹೆಸರು ಅಂಟಿಕೊಂಡಿದೆ. ಹೆಸರು ಒಂದೇ ಅಂತ ಎರಡೂ ಒಂದೇ ಅಂದುಕೊಳ್ಳಬೇಡ.

ತಲೆನೋವಿಗೆ ಒಳ್ಳೆಯದು ಅನ್ನುವುದೂ ಹಳೇ ಮಾತು. 1560ರಲ್ಲಿ ಜ್ಯಾಂ ನಿಕೋ ಅನ್ನುವ ಫ್ರಾನ್ಸಿನ ರಾಯಭಾರಿ ಪೋರ್ಚುಗಲ್‌ನಿಂದ ತನ್ನ ರಾಣಿಗೆ ತಲೆನೋವಿನ ಔಷಧಿ ಅಂತಲೇ ತಂಬಾಕು ಕಳಿಸಿದ. ನಿಕೋಟಿನ್ ಅನ್ನುವ ಹೆಸರು ಅವನದೇ. ನಾನೂ ಹಾಗೇ ಶುರು ಮಾಡಿದ್ದು. 1989ರಲ್ಲಿ, ನಿನ್ನ ತಂಗಿ ಹುಟ್ಟಿದ ಮೇಲೆ ನನಗೆ ಒಂದೇ ಸಮ ತಲೆನೋವು. ಅಪ್ಪ "ಒಂದು ಚಿಟಿಕೆ ಏರಿಸಿ ನೋಡು" ಅಂದರು. ಏರಿಸಿದೆ, ಐದು ನಿಮಿಷಕ್ಕೆ ಹಗುರ ಆಯಿತು. ಎರಡು ಗಂಟೆಗೆ ಮತ್ತೆ ಬಂತು. ಮೈಯಲ್ಲಿ ನಿಕೋಟಿನ್ ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ ಸಾಕಂತೆ. ಕೆಲವೇ ವಾರದಲ್ಲಿ ನನಗೆ ಬರುತ್ತಿದ್ದದ್ದು ಬಾಣಂತನದ ತಲೆನೋವಾಗಿ ಉಳಿದಿರಲಿಲ್ಲ, ನಶ್ಯ ಇಲ್ಲದ ತಲೆನೋವಾಗಿತ್ತು. ಅದೇ ತರುತ್ತಿತ್ತು, ಅದೇ ತೆಗೆಯುತ್ತಿತ್ತು. ನಾನು ಅದನ್ನು ಔಷಧಿ ಅಂತ 22 ವರ್ಷ ನಂಬಿದೆ.

ಆ 22 ವರ್ಷ ನಾನು ಸ್ಕೂಲಲ್ಲಿ ಟೀಚರ್. ಕ್ಲಾಸಿನ ಮಧ್ಯೆ ಬೀರುವಿನ ಬಾಗಿಲ ಹಿಂದೆ ಹೋಗಿ ಏರಿಸಿ ಬರುತ್ತಿದ್ದೆ. ಸೆರಗಿನ ತುದಿಯಲ್ಲಿ ಕಂದು ಕಲೆ. ದಿನಕ್ಕೆ ಮೂರು ಕರ್ಚೀಫು, ಅವನ್ನು ಬೇರೆ ಬಕೆಟ್ಟಲ್ಲಿ ನೆನೆಸಿ ನಿಮ್ಮ ದೊಡ್ಡಪ್ಪನ ಕಣ್ಣಿಗೆ ಬೀಳುವ ಮೊದಲೇ ಒಗೆದು ಹಾಕುತ್ತಿದ್ದೆ. ಮೂಗು ಒಣಗಿ ಹಕ್ಕಳೆ ಕಟ್ಟಿ, ಬೆಳಗ್ಗೆ ಎದ್ದರೆ ಬಾಯಲ್ಲೇ ಉಸಿರಾಡುವ ಹಾಗಾಗಿತ್ತು. ವಾಸನೆ ಯಾವಾಗ ಹೋಯಿತು ಅಂತ ನನಗೆ ಗೊತ್ತೇ ಆಗಲಿಲ್ಲ. ಕಣ್ಣು ಮಂಜಾದರೆ ತಿಳಿಯುತ್ತದೆ, ಕಿವಿ ಮಂದವಾದರೆ ಪಕ್ಕದವರು ಹೇಳುತ್ತಾರೆ. ಮೂಗು ಸದ್ದಿಲ್ಲದೆ ಹೋಗುತ್ತದೆ.

2011ರ ಒಂದು ಸಂಜೆ ಹಾಲಿಗೆ ಇಟ್ಟು ಪಕ್ಕದಲ್ಲೇ ಕೂತು ಪೇಪರ್ ತಿದ್ದುತ್ತಿದ್ದೆ. ಹಾಲು ಉಕ್ಕಿ ಬರ್ನರ್ ಆರಿ, ಗ್ಯಾಸ್ ಸುರಿಯುತ್ತಲೇ ಇತ್ತು. ನನಗೇನೂ ಗೊತ್ತಿಲ್ಲ. ನಿನ್ನ ತಂಗಿ ಟ್ಯೂಷನ್ನಿಂದ ಬಂದವಳು ಬಾಗಿಲಲ್ಲೇ ಕಿರುಚಿದಳು, "ಅಮ್ಮಾ, ಲೈಟ್ ಹಾಕಬೇಡ!" ನಾನು ಆಗಷ್ಟೇ ಕತ್ತಲಾಯಿತು ಅಂತ ಸ್ವಿಚ್ಚಿನ ಕಡೆ ಎದ್ದಿದ್ದೆ. ಕೈ ಸ್ವಿಚ್ಚಿಗೆ ಒಂದು ಗೇಣು ದೂರ ಇತ್ತು. ಅವಳು ಓಡಿ ಬಂದು ರೆಗ್ಯುಲೇಟರ್ ತಿರುಗಿಸಿ, ಕಿಟಕಿ ಎಲ್ಲ ತೆಗೆದು, ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಅಲ್ಲಿ ನಿಂತು ಅತ್ತಳು. ಅವತ್ತು ಡಬ್ಬಿ ಖಾಲಿ ಮಾಡಿದೆ.

ಬಿಡುವುದು ಸುಲಭ ಆಗಿರಲಿಲ್ಲ, ಸುಳ್ಳು ಹೇಳಲ್ಲ. ಎರಡನೇ ದಿನ, ಮೂರನೇ ದಿನ ತುಂಬಾ ಕಷ್ಟ. ತಲೆ ಸಿಡಿತ, ಸಿಟ್ಟು, ಕಾರಣವಿಲ್ಲದೆ ಅಳು. ಮೂರು ವಾರ ಕಳೆಯುವ ಹೊತ್ತಿಗೆ ತಿಳಿಯಾಯಿತು. ಕಿವಿ ಮೂಗು ಗಂಟಲಿನ ಡಾಕ್ಟರು ಉಪ್ಪುನೀರಲ್ಲಿ ಮೂಗು ತೊಳೆಯಲು ಹೇಳಿದ್ದರು, ಅದೊಂದೇ ಮಾಡಿದ್ದು. ವಾಸನೆ ಪೂರ್ತಿ ಬರಲಿಲ್ಲ. ಸ್ವಲ್ಪ ಬಂತು. ಐದು ತಿಂಗಳ ಮೇಲೆ ಒಂದು ಬೆಳಗ್ಗೆ ಮಂಡಕ್ಕಿ ಭಟ್ಟಿ ಕಡೆ ಆಟೋದಲ್ಲಿ ಹೋಗುತ್ತಿದ್ದಾಗ ಹೊಟ್ಟಿನ ಹೊಗೆ ಮೂಗಿಗೆ ಬಡಿಯಿತು. ಎಲ್ಲರೂ ಮೂಗು ಮುಚ್ಚಿಕೊಳ್ಳುವ ಹೊಗೆ ಅದು. ನಾನು ಆಟೋ ನಿಲ್ಲಿಸಿ ಅಲ್ಲೇ ನಿಂತೆ. ಹೊಗೆಯ ಹಿಂದೆ ಬಿಸಿ ಮರಳಲ್ಲಿ ಅಕ್ಕಿ ಅರಳುವ ವಾಸನೆ ಸಣ್ಣಗೆ ಬರುತ್ತಿತ್ತು.

ಈಗ ನಿನ್ನ ಮನೆಯ ಮಾತು. ಪುಟ್ಟಿಗೆ ಎರಡು ವರ್ಷ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನಶ್ಯದ ಪುಡಿ ಒಂದು ಚಮಚ ಬಾಯಿಗೆ ಹೋದರೆ ಅಷ್ಟು ಸಣ್ಣ ಮಗುವಿನ ಜೀವಕ್ಕೇ ಅಪಾಯ. ಅಂಗಡಿಯ ಡಬ್ಬಿ ಮೇಲಾದರೂ ಎಚ್ಚರಿಕೆಯ ಚಿತ್ರ ಇರುತ್ತದೆ, ನೀನು ಕುಟ್ಟಿ ತುಂಬಿಟ್ಟ ಡಬ್ಬಿ ಮೇಲೆ ಏನಿರುತ್ತದೆ? ಕುಟ್ಟುವಾಗ ಏಳುವ ಧೂಳು ಬೇರೆ, ಫ್ಲಾಟಿನ ಅಡುಗೆಮನೆಯಲ್ಲಿ ಮಿಕ್ಸಿಗೆ ಹಾಕುತ್ತೀಯ ಅಂತ ನನಗೆ ಗೊತ್ತು, ಅದೇ ಮಿಕ್ಸಿಯಲ್ಲಿ ನಾಳೆ ಮಗುವಿನ ರಾಗಿ ಸರಿಗೆ ಹಿಟ್ಟು ಮಾಡುತ್ತಾಳೆ ನಿನ್ನ ಹೆಂಡತಿ. ಮೆಸೇಜಲ್ಲಿ ಅವಳ ಮಾತೇ ಇಲ್ಲ. ಅವಳಿಗೆ ಹೇಳಿಲ್ಲ ಅಲ್ವಾ? ಇವತ್ತೇ ಹೇಳು. ನಾನು ಕರ್ಚೀಫು ಮುಚ್ಚಿಟ್ಟು ಒಗೆದದ್ದೇ ನನ್ನ ದೊಡ್ಡ ತಪ್ಪು, ಮೊದಲ ವರ್ಷವೇ ನಿಮ್ಮ ದೊಡ್ಡಪ್ಪನಿಗೆ ಹೇಳಿದ್ದರೆ ಅವರು ಹೇಗಾದರೂ ಬಿಡಿಸುತ್ತಿದ್ದರು.

ನೀನು ನನಗಿಂತ ಮುಂದಿದ್ದೀಯ. ಹತ್ತು ವರ್ಷದ ಸಿಗರೇಟು ಬಿಟ್ಟಿದ್ದೀಯ, ಇದಕ್ಕೆ ಇನ್ನೂ ಮೂರೇ ತಿಂಗಳು. 1800112356 ಅಂತ ಸರ್ಕಾರದ ನಂಬರ್ ಇದೆ, ತಂಬಾಕು ಬಿಡುವವರಿಗೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಕೋಟಿನ್ ಚೂಯಿಂಗ್ ಗಮ್ ಮೆಡಿಕಲ್ ಶಾಪಲ್ಲಿ ಸಿಗುತ್ತದೆ, ಡಾಕ್ಟರನ್ನು ಕೇಳಿ ತಗೋ. ಅದರಲ್ಲಿ ಅಳತೆ ಗೊತ್ತಿರುತ್ತದೆ, ದಿನದಿನಕ್ಕೆ ಇಳಿಸಿಕೊಂಡು ಬರಬಹುದು. ನನ್ನ ಕಾಲಕ್ಕೆ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಎರಡನೇ ದಿನ, ಮೂರನೇ ದಿನ ರಾತ್ರಿ ಎಷ್ಟೊತ್ತಿಗಾದರೂ ನನಗೆ ಫೋನ್ ಮಾಡು. ನಿದ್ದೆ ನನಗೆ ಹೇಗೂ ಕಮ್ಮಿ.

ಆ ಅರ್ಧ ಕೆಜಿ ಸೊಪ್ಪನ್ನು ಹಾಗೇ ಕಸಕ್ಕೆ ಹಾಕಬೇಡ, ದನಗಿನ ಬಾಯಿ ಹಾಕಿಯಾವು. ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ ಪುಟ್ಟಿಗೆ ಸಿಗದ ಹಾಗೆ ಮೇಲಿಡು, ಭಾನುವಾರ ಬರುವಾಗ ತಾ. ಚನ್ನಗಿರಿ ಕಡೆಯ ನಮ್ಮ ತೋಟದಲ್ಲಿ ಅವರೆಗೆ ಹೇನು ಬಿದ್ದಿದೆ. ಅರ್ಧ ಕೆಜಿ ಹೊಗೆಸೊಪ್ಪು ನಾಲ್ಕೂವರೆ ಲೀಟರ್ ನೀರಲ್ಲಿ ಒಂದು ದಿನ ನೆನೆಸಿ, ಸೋಪು ಕರಗಿಸಿ ಸೇರಿಸಿ, ಆರೇಳು ಪಟ್ಟು ನೀರು ಬೆರೆಸಿ ಹೊಡೆದರೆ ಹೇನು ಉದುರಿ ಬೀಳುತ್ತವೆ. ಅಷ್ಟು ತೆಳು ಮಾಡಿದರೂ ಹೊಡೆಯುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕೈಗೆ ಗ್ಲೌಸ್ ಹಾಕಬೇಕು. ಅದನ್ನು ನಾನು ಆಳಿನ ಕೈಲಿ ಮಾಡಿಸುತ್ತೇನೆ, ನೀನು ಮುಟ್ಟುವುದು ಬೇಡ.

ಅಜ್ಜನ ಹಿತ್ತಾಳೆ ಡಬ್ಬಿ ಕೇಳಿದ್ದೀಯ. ಹುಣಸೆಹಣ್ಣು ಹಾಕಿ ಉಜ್ಜಿಟ್ಟಿದ್ದೇನೆ, ಮುಚ್ಚಳದ ಒಳಗೆ ಅಪ್ಪನ ಹೆಬ್ಬೆರಳು ಸವೆಸಿದ ಗುರುತು ಇನ್ನೂ ಇದೆ. ಭಾನುವಾರ ಕೊಡುತ್ತೇನೆ. ಹೆಂಡತಿ, ಪುಟ್ಟಿ ಇಬ್ಬರನ್ನೂ ಕರಕೊಂಡು ಬಾ, ಮಧ್ಯಾಹ್ನದ ಊಟಕ್ಕೆ ರೊಟ್ಟಿ ಮಾಡಿರುತ್ತೇನೆ.

ನಿನ್ನ ದೊಡ್ಡಮ್ಮ